ಚಾಂಪಿಯನ್ನನ ಅವ್ವ

ಆ ಬಾಕ್ಸಿಂಗ್ ಸಿನಿಮಾದಲ್ಲಿ ಕೊನೆಗೆ ಗೆದ್ದವನು ಯಾರು ಎಂದು ಯಾರನ್ನಾದರೂ ಕೇಳಿ ನೋಡಿ. ಬಂದರಿನಲ್ಲಿ ಮೂಟೆ ಹೊರುತ್ತಿದ್ದ ಆ ಬಡ ಬಿಳಿಯ ಹುಡುಗ, ಅವನೇ ಗೆದ್ದ ಎನ್ನುತ್ತಾರೆ. ಸಿನಿಮಾ ನೋಡದವರೂ ಹಾಗೇ ಹೇಳುತ್ತಾರೆ, ನೋಡಿದವರೂ ಹಾಗೇ ಹೇಳುತ್ತಾರೆ. ನಾನು ಶಾಲೆಯಿಂದ ನಿವೃತ್ತಳಾದ ದಿನ ಬೀಳ್ಕೊಡುಗೆಗೆ ಬಂದಿದ್ದ ಅತಿಥಿಯೊಬ್ಬರು ಮಕ್ಕಳಿಗೆ ಅದೇ ಕಥೆ ಹೇಳಿ, ಛಲ ಒಂದಿದ್ದರೆ ಅವನ ಹಾಗೆ ನೀವೂ ಚಾಂಪಿಯನ್ ಆಗಬಹುದು ಎಂದರು. ಶಾಲು ಹೊದ್ದುಕೊಂಡು ಪಕ್ಕದಲ್ಲೇ ಕುಳಿತಿದ್ದ ನಾನು, "ಅವನು ಸೋತ" ಎಂದೆ. ಮೈಕು ಅವರ ಮುಂದಿತ್ತು. ಅವರು ನನ್ನ ಕಡೆ ನೋಡಿ ನಕ್ಕು ಭಾಷಣ ಮುಂದುವರಿಸಿದರು.

ಸೋತವನು ಅವನು. ಗೆದ್ದವನು ಕರಿಯ. ಇಷ್ಟು ತಿಳಿಯಲು ನಮ್ಮ ಮನೆಗೆ ವರ್ಷಗಳು ಹಿಡಿದವು. ಆ ಸಿಟ್ಟು ನನ್ನಲ್ಲಿ ಇನ್ನೂ ಆರಿಲ್ಲ, ಆರಲಿ ಎಂದು ನನಗೆ ಆಸೆಯೂ ಇಲ್ಲ.

ನಾವು ಖಾನಾಪುರದ ಸಿದ್ದಿಗಳು. ಯಾವುದೋ ಕಾಲದಲ್ಲಿ ಆಫ್ರಿಕಾದಿಂದ ಹಡಗಿನಲ್ಲಿ ತಂದು ಗೋವೆಯಲ್ಲಿ ಮಾರಿದ ಜನರ ಸಂತಾನ. ತಪ್ಪಿಸಿಕೊಂಡು ಘಟ್ಟ ಹತ್ತಿದವರು ಇಲ್ಲಿಯ ಕಾಡು ಸೇರಿದರು. ಅದೆಲ್ಲ ಎಷ್ಟು ತಲೆಮಾರಿನ ಹಿಂದಿನ ಮಾತೋ ನಮ್ಮ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟಿನವರು ನನ್ನ ಬಣ್ಣವನ್ನೂ ಕೂದಲನ್ನೂ ನೋಡಿ ಯಾವ ದೇಶ ಎಂದು ಕೇಳುತ್ತಾರೆ. ಖಾನಾಪುರ ಎಂದರೆ, ಅದಕ್ಕಿಂತ ಮೊದಲು ಎನ್ನುತ್ತಾರೆ. ಅದಕ್ಕಿಂತ ಮೊದಲೂ ಖಾನಾಪುರವೇ. ನಮ್ಮ ಅಜ್ಜಿ ಸತ್ತದ್ದು ಅಲ್ಲೇ, ಅವಳ ಅಜ್ಜಿ ಹುಟ್ಟಿದ್ದೂ ಅಲ್ಲೇ.

ಅಪ್ಪ ಸ್ಟೇಷನ್ ಹತ್ತಿರದ ಕಟ್ಟಿಗೆ ಡಿಪೋದಲ್ಲಿ ಮರದ ದಿಮ್ಮಿ ಹೊರುತ್ತಿದ್ದ. ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡ. ಅವ್ವ ಹಂಚಿನ ಕಾರ್ಖಾನೆಗೆ ಹೋಗುತ್ತಿದ್ದಳು. ಹಸಿ ಹಂಚನ್ನು ಬೆರಳ ಗುರುತು ಮೂಡದಂತೆ ಎತ್ತಿ ನೆರಳಿನ ಅಟ್ಟಕ್ಕೆ ಏರಿಸುವ ಕೆಲಸ. ಮನೆಯಲ್ಲಿ ನಮ್ಮದು ಕೊಂಕಣಿ, ಅಂಗಡಿಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ. ಅವ್ವ ಮೂರನ್ನೂ ಒಂದೇ ಮಾತಿನಲ್ಲಿ ಕಲಸಿ ಆಡುತ್ತಿದ್ದಳು. ಇಲ್ಲಿ ಅವಳ ಮಾತನ್ನೆಲ್ಲ ನಾನು ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಅಣ್ಣ ಬೆಳಗಾವಿಯಲ್ಲಿದ್ದ. ರವಿವಾರ ಪೇಟೆಯ ದಲಾಲರ ಅಂಗಡಿಗಳಲ್ಲಿ ಬೆಲ್ಲ, ಅಕ್ಕಿಯ ಚೀಲ ಇಳಿಸುವ ಹಮಾಲಿ. ಸಂಜೆ ಕ್ಯಾಂಪಿಗೆ ಹೋಗಿ ಬಾಕ್ಸಿಂಗ್ ಕಲಿಯುತ್ತಿದ್ದ. ಬೆಳಗಾವಿಯಲ್ಲಿ ಮಿಲಿಟರಿಯವರಿರುವ ಕಡೆಗೆ ಕ್ಯಾಂಪ್ ಎನ್ನುತ್ತಾರೆ. ಅಲ್ಲಿ ಪಲ್ಟನ್ನಿನಿಂದ ನಿವೃತ್ತನಾದ ಹವಾಲ್ದಾರನೊಬ್ಬ ಹುಡುಗರಿಗೆ ಹೇಳಿಕೊಡುತ್ತಿದ್ದ. ಅಣ್ಣನ ಎಡಗೈ ಏಟು ಯಾರಿಗೂ ತಡೆಯಲು ಬರುವುದಿಲ್ಲ ಎಂದು ಅವನು ಹೇಳಿದ್ದನಂತೆ. ಮನೆಗೆ ಬಂದಾಗಲೆಲ್ಲ ಅಣ್ಣ ಬಾಗಿಲ ಬಳಿ ನಿಂತು ಆ ಎಡಗೈಯನ್ನು ಬೀಸಿ ತೋರಿಸುತ್ತಿದ್ದ. ಅವ್ವ, "ಗೋಡಿ ಬಿದ್ದೀತೋ" ಎಂದು ಬೈಯುತ್ತಿದ್ದಳು. ಬೈಯುವಾಗ ಅವಳ ಮುಖದಲ್ಲಿ ಬೈಗುಳ ಇರುತ್ತಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಮಳೆಗಾಲ ಕಳೆದ ಮೇಲೆ ಖಾನಾಪುರಕ್ಕೆ ಟೂರಿಂಗ್ ಟಾಕೀಸ್ ಬರುತ್ತಿತ್ತು. ಡೇರೆ, ಮುಂದೆ ನೆಲ, ಹಿಂದೆ ಬೆಂಚು, ನಡುವೆ ಕಟ್ಟಿದ ಅರಿವೆಯ ಆಚೆ ಹೆಂಗಸರು. ಇಂಗ್ಲಿಷ್ ಸಿನಿಮಾ ತಂದರೆ ಜನಕ್ಕೆ ಮಾತು ತಿಳಿಯುವುದಿಲ್ಲವಲ್ಲ, ಅದಕ್ಕಾಗಿ ಒಬ್ಬನನ್ನು ಇಟ್ಟಿದ್ದರು. ಅವನಿಗೆ ಎಲ್ಲರೂ ಮೈಕಿನವನು ಎನ್ನುತ್ತಿದ್ದರು. ಹಗಲು ಟಾಂಗಾದಲ್ಲಿ ಕುಳಿತು ಊರೆಲ್ಲ ಸಾರುತ್ತಿದ್ದ. ಸಂಜೆ ಮಷೀನಿನ ಬಾಜು ನಿಂತು ಕಥೆ ಹೇಳುತ್ತಿದ್ದ, ಅರ್ಧ ಕನ್ನಡ, ಅರ್ಧ ಮರಾಠಿ. ಪರದೆಯ ಮೇಲಿನವರು ಏನು ಆಡುತ್ತಿದ್ದಾರೆಂದು ಅವನಿಗೂ ಪೂರಾ ಗೊತ್ತಿರುತ್ತಿರಲಿಲ್ಲ. ಗೊತ್ತಿಲ್ಲದ ಕಡೆ ತನ್ನದೇ ಸೇರಿಸುತ್ತಿದ್ದ. ಜನ ಸಿನಿಮಾಕ್ಕಿಂತ ಹೆಚ್ಚಾಗಿ ಅವನನ್ನು ಕೇಳಲು ಹೋಗುತ್ತಿದ್ದರು.

ಬಾಕ್ಸಿಂಗ್ ಸಿನಿಮಾ ಬಂದಿದೆ ಎಂದು ಅವನು ಸಾರುತ್ತ ಹೋದದ್ದೇ ತಡ, ಅವ್ವ ನೋಡಬೇಕೆಂದಳು. ಅಲ್ಲಿಯವರೆಗೆ ಅವಳಾಗಿ ಸಿನಿಮಾ ಕೇಳಿದವಳಲ್ಲ. ಮಗ ಬೆಳಗಾವಿಯಲ್ಲಿ ಮಾಡುವುದೇನು ಎಂದು ಕಣ್ಣಿನಿಂದ ನೋಡುವ ಆಸೆ ಅವಳಿಗೆ. ಸಂತೆಯ ದಿನ ಕಾರ್ಖಾನೆಗೆ ರಜೆ. ನಾವಿಬ್ಬರೂ ಮೊದಲ ಆಟಕ್ಕೆ ಹೋದೆವು.

ಮೊದಲರ್ಧ ಎಲ್ಲ ಆ ಬಿಳಿಯನದೇ. ಅವನ ಕೋಣೆ, ಅವನ ಒಲೆ, ಅವನ ನಾಯಿ, ಸೂಪು ಬಡಿಸಿ ಕಣ್ಣೊರೆಸಿಕೊಳ್ಳುವ ಅವನ ಮುದಿ ತಾಯಿ. ಮೈಕಿನವನು ಆ ತಾಯಿಯ ಮಾತನ್ನು ಎಷ್ಟು ಚೆನ್ನಾಗಿ ಹೇಳಿದನೆಂದರೆ ಹೆಂಗಸರೆಲ್ಲ ಮೂಗು ಸೀಟಿಕೊಂಡರು. ಆಮೇಲೆ ಚಾಂಪಿಯನ್ ಬಂದ. ಎತ್ತರದ ಆಳು, ಕಪ್ಪು ಮೈ, ನಮ್ಮದೇ ಕೂದಲು. ನಾನು ನೆಟ್ಟಗೆ ಕುಳಿತೆ. ಪರದೆಯ ಮೇಲೆ ನಮ್ಮಂಥ ಮುಖವನ್ನು ನಾನು ಅಲ್ಲಿಯವರೆಗೆ ಕಂಡದ್ದು ಒಂದೇ ರೀತಿ: ಖಳನಾಯಕನ ಹಿಂದೆ ಕೈಕಟ್ಟಿ ನಿಂತವನು, ಅದೂ ಮೈಗೆ ಮಸಿ ಬಳಿದುಕೊಂಡವನು. ಶಾಲೆಯ ನಾಟಕದಲ್ಲಿ ಪ್ರತಿವರ್ಷ ರಾಕ್ಷಸಿಯ ಪಾತ್ರ ನನಗೇ ಬರುತ್ತಿತ್ತು, ಬಣ್ಣದ ಖರ್ಚು ಉಳಿಯಿತು ಎಂದು ಗುರುಗಳು ನಗುತ್ತಿದ್ದರು. ಈತ ಮಾತ್ರ ಕೋಟು ಹಾಕಿಕೊಂಡು ಕಾರಿನಿಂದ ಇಳಿದ.

"ನೋಡ್ರಿ, ಇಂವ ಯಾಂವ ಬಂದಾ?" ಎಂದ ಮೈಕಿನವನು. "ಚಾಂಪಿಯನ್ ಅಂತ. ನಮ್ಮ ಡಿಪೋದಾಗಿನ ಸಿದ್ದಿ ಇದ್ದಂಗ ಅದಾನಲ್ರಿ. ದಿಮ್ಮಿ ಹೊರೂದ ಬಿಟ್ಟ ಅಮೇರಿಕಾಕ್ಕ ಹೋಗ್ಯಾನ ಮಗಾ."

ಡೇರೆ ಪೂರಾ ನಕ್ಕಿತು. ಅರಿವೆಯ ಈಚೆಗಿನ ಹೆಂಗಸರು ತಿರುಗಿ ನಮ್ಮನ್ನು ನೋಡಿಕೊಂಡು ನಕ್ಕರು. ಅಲ್ಲಿಂದ ಮುಂದೆ ಅವನು ಚಾಂಪಿಯನ್ ಎಂಬ ಮಾತನ್ನೇ ಎತ್ತಲಿಲ್ಲ. ಸಿದ್ದಿ ಬಂದ, ಸಿದ್ದಿ ಹಲ್ಲು ಕಿಸಿದ, ಸಿದ್ದಿಗೆ ಸೊಕ್ಕು ನೋಡಿರಿ. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಕುಳಿತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಿವಿಯಲ್ಲಿ, "ಇವನ ಮನಿ ಯಾಕ ತೋರಸವಲ್ರು? ಇವಗ ಅವ್ವ ಇಲ್ಲೇನು?" ಎಂದಳು. ನನಗೆ ಏನು ಗೊತ್ತು. ಮುಂದೆ ತೋರಿಸುತ್ತಾರೆ ಎಂದೆ.

ತೋರಿಸಲಿಲ್ಲ. ಕೊನೆಯ ಹೊಡೆದಾಟ ಶುರುವಾಯಿತು. ಡೇರೆಯಲ್ಲಿದ್ದವರೆಲ್ಲ ಆ ಬಿಳಿಯನ ಕಡೆಗೇ. ಖಾನಾಪುರದ ಮಂದಿ, ಅಮೇರಿಕದ ಬಂದರನ್ನು ಕನಸಿನಲ್ಲೂ ಕಾಣದವರು, ಅವನನ್ನು ತಮ್ಮ ಮನೆ ಮಗನ ಹಾಗೆ ಹುರಿದುಂಬಿಸುತ್ತಿದ್ದರು. ಮಗ್ಗುಲಲ್ಲೇ ಡಿಪೋದಲ್ಲಿ ದುಡಿಯುವವನ ಮುಖ ಅವರಿಗೆ ಪರದೇಶದ್ದಾಯಿತು. ಆ ಗದ್ದಲದ ನಡುವೆ ಅವ್ವ ಮೆಲ್ಲಗೆ, ಯಾರಿಗೂ ಕೇಳದಂತೆ, "ಮಾರ್ ಪುತಾ, ಮಾರ್" ಎನ್ನುತ್ತಿದ್ದಳು. ಹೊಡಿ ಮಗನೇ, ಹೊಡಿ. ಅವನಿಗೆ ಆ ಸಿನಿಮಾದಲ್ಲಿ ಹಾಗೆ ಹೇಳುವವರು ಯಾರೂ ಇರಲಿಲ್ಲ, ಅದಕ್ಕೇ ಅವಳು ಹೇಳಿದಳು.

ಗಂಟೆ ಬಾರಿಸಿತು. ಇಬ್ಬರೂ ಒಬ್ಬರ ಮೈಮೇಲೆ ಒಬ್ಬರು ಒರಗಿ ನಿಂತರು. "ಗೆದ್ದಾ, ನಮ್ಮಂವ ಗೆದ್ದಾ" ಎಂದು ಮೈಕಿನವನು ಕೂಗಿದ. ಪರದೆ ಕಪ್ಪಾಯಿತು, ದೀಪ ಹತ್ತಿತು. ಜನ ಸೀಟಿ ಹೊಡೆದು, ಟೋಪಿ ಹಾರಿಸಿ, ಖುಷಿಯಾಗಿ ಹೊರಗೆ ಹೋದರು. ಅವ್ವ ಎಲ್ಲರೂ ಹೋಗುವವರೆಗೆ ಎದ್ದೇಳಲಿಲ್ಲ.

ಮರುದಿನ ಶಾಲೆಯಲ್ಲಿ ಹುಡುಗಿಯರು, "ನಿಮ್ಮಂವ ಸೋತನಲ್ಲ" ಎಂದು ಕಾಡಿದರು. ನನಗದು ಅಷ್ಟೇನೂ ನಾಟಲಿಲ್ಲ. ನಾಟಿದ್ದು ಅವ್ವನ ಮಾತು. ಅಣ್ಣ ಮುಂದಿನ ಸಲ ಬಂದಾಗ, ಊಟಕ್ಕೆ ಬಡಿಸುತ್ತಲೇ, "ಆ ಬಾಕ್ಸಿಂಗ್ ಬಿಡು" ಎಂದಳು.

"ಯಾಕವ್ವಾ?"

"ಏಟು ಬೀಳತಾವಂತ ಅಲ್ಲ. ಬೀಳಲಿ. ಆದ್ರ ಅಂವ ಸೋತಾಗ ಆ ಮಂದಿ ನಕ್ಕರಲ್ಲ, ನೀ ಸೋತಾಗ ಹಂಗ ನಗೂದು ನಾ ನೋಡಲಾರೆ."

ಯಾವ ಸಿನಿಮಾ ಎಂದು ಅಣ್ಣ ಕೇಳಿದ. ಕಥೆ ಹೇಳಿದೆವು. ಅವನು ತುತ್ತು ಕೈಯಲ್ಲೇ ಹಿಡಿದುಕೊಂಡು ನಮ್ಮಿಬ್ಬರನ್ನೂ ಹುಚ್ಚರನ್ನು ನೋಡುವ ಹಾಗೆ ನೋಡಿದ. "ಅದನ್ನ ನಾ ಕ್ಯಾಂಪಿನ್ಯಾಗ ನೋಡೇನಿ. ಗೆದ್ದಾಂವ ಚಾಂಪಿಯನ್ನ. ಗಂಟಿ ಆದಮ್ಯಾಲೆ ಜಡ್ಜ್ ಮಂದಿ ಪಾಯಿಂಟ್ ಎಣಿಸಿ ಅವನ ಕೈ ಎತ್ತತಾರ."

"ಕಣ್ಣಾರೆ ನೋಡೇನಿ ನಾ" ಎಂದಳು ಅವ್ವ.

"ನಾನೂ ಕಣ್ಣಾರೇನ ನೋಡಿದ್ದು."

ಅವಳು ನಂಬಲಿಲ್ಲ. ತನಗೆ ಸಮಾಧಾನ ಮಾಡಲು ಹೇಳುತ್ತಿದ್ದಾನೆ ಎಂದುಕೊಂಡಳು. ನಿಜ ಹೇಳಬೇಕೆಂದರೆ ನಾನೂ ಅವನನ್ನು ನಂಬಲಿಲ್ಲ. ಡೇರೆಯಲ್ಲಿದ್ದ ಅಷ್ಟು ಜನ ಒಂದು ಕಡೆ, ಅಣ್ಣ ಒಬ್ಬನೇ ಒಂದು ಕಡೆ. ಕೊನೆಗೆ ಅಣ್ಣ ಒಂದು ಮಾತು ಹೇಳಿದ: ಜಿಲ್ಲಾ ಮಟ್ಟದ ಪಂದ್ಯ ಬರುತ್ತಿದೆ, ನೀನೇ ಬಂದು ನೋಡು, ನಾನು ಸೋತರೆ ಆವತ್ತೇ ಬಿಡುತ್ತೇನೆ. ಅವ್ವ ಒಪ್ಪಿದಳು.

ಪಂದ್ಯ ಬೆಳಗಾವಿಯ ಒಂದು ಮೈದಾನದಲ್ಲಿ, ಹಗಲಿನಲ್ಲೇ. ಅವ್ವ ಮದುವೆಗೆ ಉಡುವ ಸೀರೆ ಉಟ್ಟಿದ್ದಳು. ನಾವು ಪ್ಯಾಸೆಂಜರ್ ಗಾಡಿಯಲ್ಲಿ ಹೋಗಿ, ಸ್ಟೇಷನ್ನಿನಿಂದ ನಡೆದು, ಅಣ್ಣ ಹೇಳಿದ ಜಾಗದಲ್ಲಿ, ರಿಂಗಿನಿಂದ ನೇರವಾಗಿ ಕಾಣುವಂತೆ ಮೂರನೆಯ ಸಾಲಿನಲ್ಲಿ ಕುಳಿತೆವು. ಎದುರಾಳಿ ಅಲ್ಲಿಯದೇ ಬಡಾವಣೆ ಹಿಂದವಾಡಿಯ ಕಾಲೇಜು ಹುಡುಗ. ಅವನ ಹಿಂದೆ ಗೆಳೆಯರ ದಂಡೇ ಬಂದಿತ್ತು, ಕೈಯಲ್ಲಿ ಹೂವಿನ ಮಾಲೆ, ಪಟಾಕಿ, ಹಲಗೆ. ಮೈಕಿನಲ್ಲಿ ಆ ಹುಡುಗನ ಹೆಸರು, ಅವನ ತಂದೆಯ ಹೆಸರು, ಕಾಲೇಜಿನ ಹೆಸರು ಎಲ್ಲ ಹೇಳಿದರು. ಅಣ್ಣನ ಸರದಿ ಬಂದಾಗ, "ಖಾನಾಪುರದ ಸಿದ್ದಿ" ಎಂದರು. ಅಷ್ಟೇ. ಅಣ್ಣನಿಗೆ ಹೆಸರಿತ್ತು. ಅವ್ವ ಅದನ್ನು ತನ್ನ ಅಪ್ಪನ ನೆನಪಿಗೆಂದು ಇಟ್ಟಿದ್ದಳು.

ಅಣ್ಣ ಚೆನ್ನಾಗಿ ಆಡಿದ. ನನಗೆ ಪಾಯಿಂಟಿನ ಲೆಕ್ಕ ತಿಳಿಯದು, ಆದರೆ ಯಾರು ಹಿಂದೆ ಸರಿಯುತ್ತಿದ್ದಾರೆ ಎಂದು ತಿಳಿಯುತ್ತಿತ್ತು. ಅವ್ವ ಈ ಸಲ "ಮಾರ್ ಪುತಾ" ಎಂದು ಜೋರಾಗಿಯೇ ಹೇಳಿದಳು. ಸುತ್ತಲಿನವರು ತಿರುಗಿ ನೋಡಿದರೂ ನಿಲ್ಲಿಸಲಿಲ್ಲ.

ಗಂಟೆ ಬಾರಿಸಿತು. ಬಾರಿಸಿದ್ದೇ ತಡ ಆ ಗೆಳೆಯರೆಲ್ಲ ಹಗ್ಗ ಹಾರಿ ರಿಂಗಿನೊಳಗೆ ನುಗ್ಗಿ ಹಿಂದವಾಡಿಯ ಹುಡುಗನಿಗೆ ಮಾಲೆ ಹಾಕಿ, ಅವನನ್ನು ಹೆಗಲ ಮೇಲೆ ಕೂರಿಸಿಕೊಂಡರು. ಪಟಾಕಿ ಹಾರಿಸಿದರು, ಹಲಗೆ ಬಡಿದರು. ಅಣ್ಣ ಒಂದು ಮೂಲೆಯಲ್ಲಿ ಒಬ್ಬನೇ ನಿಂತಿದ್ದ. ತೀರ್ಪು ಇನ್ನೂ ಬಂದಿರಲಿಲ್ಲ. ತೀರ್ಪು ಬರುವ ಮೊದಲೇ ಮಾಲೆ ಹಾಕುವ ಧೈರ್ಯ ಎಲ್ಲಿಂದ ಬರುತ್ತದೆ, ನಾನು ಇವತ್ತಿಗೂ ಕೇಳುತ್ತೇನೆ. ಗೆಲುವು ತಮ್ಮದೇ ಎಂದು ಹುಟ್ಟಿನಿಂದ ತಿಳಿದವರಿಗೆ ಮಾತ್ರ ಬರುತ್ತದೆ.

ಅವ್ವ ಎದ್ದಳು. ನನ್ನ ರಟ್ಟೆ ಹಿಡಿದು, "ನಡಿ. ಮುಗೀತು" ಎಂದಳು.

"ಇನ್ನ ಹೇಳಿಲ್ಲವ್ವಾ. ಕುಂದರು."

"ಏನ ಹೇಳೂದೈತಿ? ಗಂಟಿ ಹೊಡೀತು, ಮಾಲಿ ಹಾಕಿದ್ರು. ನನಗ ಗೊತ್ತಿಲ್ಲೇನು? ಇವರು ನಗೂದರಾಗ ಹೋಗೂಣು."

ಹಂಚು ಹೊತ್ತ ಕೈ ಅದು, ನನಗೆ ಬಿಡಿಸಿಕೊಳ್ಳಲು ಆಗಲಿಲ್ಲ. ಜನರನ್ನು ಸರಿಸುತ್ತ, ಹಿಂದೆ ನೋಡದೆ ಅವಳು ನನ್ನನ್ನು ಎಳೆದುಕೊಂಡು ಹೊರಟಳು. ಸಂಜೆಯ ಗಾಡಿಗೂ ಕಾಯದೆ ಬಸ್ ಸ್ಟ್ಯಾಂಡಿನ ದಾರಿ ಹಿಡಿದಳು. ಹಿಂದೆ ಮೈಕಿನಲ್ಲಿ ಏನೋ ಹೇಳುತ್ತಿದ್ದರು. ಪಟಾಕಿಯ ಸದ್ದಿನಲ್ಲಿ ನಮಗೆ ತಿಳಿಯಲಿಲ್ಲ.

ಅಣ್ಣ ಮರುದಿನ ಮನೆಗೆ ಬಂದ. ಕೈಯಲ್ಲಿ ಬಹುಮಾನದ ಕಪ್ಪು. ಅವ್ವ ಅದನ್ನು ನೋಡಿ, "ಸೋತವರಿಗೂ ಕೊಡತಾರೇನು?" ಎಂದು ಕೇಳಿದಳು.

"ಗೆದ್ದವರಿಗೆ ಕೊಡತಾರವ್ವಾ" ಎಂದ ಅಣ್ಣ. ಆಮೇಲೆ ಅದನ್ನು ಅವಳ ಮುಂದಿಟ್ಟು, "ಕೈ ಎತ್ತಿದಾಗ ನಿಮ್ಮನ್ನ ನೋಡಿದ್ನಿ. ಜಾಗಾ ಖಾಲಿ ಇತ್ತು" ಎಂದ.

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಅವ್ವ ಕಪ್ಪನ್ನು ಕೈಗೆ ತೆಗೆದುಕೊಂಡು, ಹಸಿ ಹಂಚು ಹಿಡಿಯುವ ಹಾಗೆ, ಬೆರಳು ತಾಗಿಸದೆ ಅಂಗೈಯಲ್ಲೇ ಹಿಡಿದುಕೊಂಡು ಕುಳಿತಳು. ಆ ವಾರದ ಪತ್ರಿಕೆಯೊಂದರಲ್ಲಿ ಚಿತ್ರ ಬಂದಿತ್ತು: ಮಾಲೆ ಹಾಕಿಕೊಂಡು ಹೆಗಲ ಮೇಲೆ ಕುಳಿತ ಹಿಂದವಾಡಿಯ ಹುಡುಗ. ಕೆಳಗೆ ಅವನ ಕೆಚ್ಚೆದೆಯ ಬಗ್ಗೆ ನಾಲ್ಕು ಸಾಲು, ಕೊನೆಗೆ ಒಂದು ಸಾಲಿನಲ್ಲಿ ಅವನು ಒಬ್ಬ ಸಿದ್ದಿ ಯುವಕನಿಗೆ ಮಣಿದ ಎಂದು.

ಅಣ್ಣ ಬಾಕ್ಸಿಂಗ್ ಬಿಡಲಿಲ್ಲ. ಆದರೆ ಮತ್ತೆ ಯಾವ ಪಂದ್ಯಕ್ಕೂ ನಮ್ಮನ್ನು ಕರೆಯಲಿಲ್ಲ. ಅವ್ವನೂ ಬರುತ್ತೇನೆ ಎನ್ನಲಿಲ್ಲ. ಕೆಲವು ಗೆದ್ದ, ಕೆಲವು ಸೋತ, ಯಾವುದು ಯಾವುದೆಂದು ನಮಗೆ ತಿಳಿಯಲಿಲ್ಲ. ಒಂದೆರಡು ವರ್ಷಗಳಲ್ಲಿ ಗೋವೆಯ ಬಂದರಿನಲ್ಲಿ ಕೆಲಸ ಸಿಕ್ಕಿ ಹೊರಟುಹೋದ.

ಅವನು ಹೋದ ಮೇಲೆ ಅವ್ವ ಒಂದು ದಿನ ಒಲೆಯ ಮುಂದೆ ಕುಳಿತು, "ಹಂಗಾದ್ರ ಆ ಸಿನಿಮಾದಾಗೂ ಅಂವ ಖರೇನ ಗೆದ್ದಿದ್ನೇನು?" ಎಂದಳು. ಆಗ ನನಗೆ ಹೊಳೆಯಿತು, ಗೆದ್ದ ಎಂದು ನಮಗೆ ಹೇಳಿದ್ದು ಪರದೆಯಲ್ಲ, ಮೈಕಿನವನು. ನಾನು ಮೈಕಿನವನನ್ನು ಹುಡುಕಿಕೊಂಡು ಹೋದೆ. ಅವನು ಸ್ಟೇಷನ್ ಎದುರಿನ ಚಹದಂಗಡಿಯಲ್ಲಿ ನಾಲ್ಕು ಜನರನ್ನು ಕೂಡಿಸಿಕೊಂಡು ಹರಟುತ್ತಿದ್ದ.

"ಹೌದ ತಂಗಿ, ಆ ಕರಿಯಾನ ಗೆದ್ದಾಂವ" ಎಂದ, ಒಂಚೂರೂ ಮುಜುಗರವಿಲ್ಲದೆ. "ಹಂಗ ಹೇಳಿದ್ರ ಮಂದಿ ಬೆಂಚ್ ಮುರದು ಹಾಕತಿದ್ರು. ಹೀರೋ ಸೋತ್ರ ಎರಡನೇ ದಿವಸ ಯಾರ ಬರತಾರ? ಗಂಟಿ ಆದ ಕೂಡಲೇ ಮಷೀನ್ ಬಂದ್ ಮಾಡ್ರಿ ಅಂತ ನಾನ ಹೇಳಿದ್ದು. ಎಲ್ಲಾರೂ ಖುಷಿಯಿಂದ ಮನಿಗೆ ಹೋದ್ರಿಲ್ಲೋ?"

"ಎಲ್ಲಾರೂ ಅಂದ್ರ ಯಾರ್ರೀ?" ಎಂದೆ.

ಅವನು ಆಗ ನನ್ನನ್ನು ಸರಿಯಾಗಿ ನೋಡಿದ. "ನೀವೂ ಬಂದಿದ್ರೇನು?" ಎಂದ.

ಅವನ ಚಹದ ಬಟ್ಟಲನ್ನು ಅವನ ಮುಖಕ್ಕೇ ಎರಚಬೇಕು ಎನ್ನಿಸಿತು. ಎರಚಲಿಲ್ಲ. ಎರಚಿದ್ದರೆ ಸಿದ್ದಿ ಹುಡುಗಿಗೆ ಸೊಕ್ಕು ಎಂದು ಅದನ್ನೂ ಮೈಕಿನಲ್ಲಿ ಸಾರುತ್ತಿದ್ದ. ಹೆಂಗಸರ ಕಡೆ ಕುಳಿತು ನಾವು ಇಡೀ ಆಟ ನೋಡಿದ್ದೆವು, ಸುತ್ತಲಿನ ಹೆಂಗಸರೆಲ್ಲ ನಮ್ಮ ಕಡೆ ತಿರುಗಿ ನಕ್ಕಿದ್ದರು. ಆದರೂ ಅವನ 'ಎಲ್ಲಾರೂ' ಎಂಬ ಲೆಕ್ಕದಲ್ಲಿ ನಾವು ಇರಲೇ ಇಲ್ಲ.

ಎಂಬತ್ತರ ದಶಕ ನಡೆದಿತ್ತು, ನಾನು ಬೆಳಗಾವಿಯಲ್ಲಿ ಶಿಕ್ಷಕಿಯ ತರಬೇತಿಗೆ ಸೇರಿದ್ದೆ. ಕ್ಯಾಂಪಿನ ಥಿಯೇಟರಿಗೆ ಅದೇ ಸಿನಿಮಾ ಮತ್ತೆ ಬಂದಿತು. ಅವ್ವನನ್ನು ಕರೆಸಿಕೊಂಡೆ. ಅವಳಿಗೆ ಸಿನಿಮಾ ಬೇಕಿರಲಿಲ್ಲ, ಗಂಟೆಯ ನಂತರದ ಆ ಎರಡು ನಿಮಿಷ ಮಾತ್ರ ಬೇಕಿತ್ತು. ಅದಕ್ಕಾಗಿ ಆ ಒಲೆ, ಆ ನಾಯಿ, ಆ ಸೂಪು ಎಲ್ಲವನ್ನೂ ಎರಡನೆಯ ಸಲ ನೋಡಿದೆವು. ಇಲ್ಲಿ ಮೈಕಿನವನಿರಲಿಲ್ಲ. ಯಾರೂ ಚಾಂಪಿಯನ್ನನಿಗೆ ಸಿದ್ದಿ ಎನ್ನಲಿಲ್ಲ. ಆದರೂ ಅವನ ಮನೆ ಬರಲಿಲ್ಲ.

ಗಂಟೆ ಬಾರಿಸಿತು. ಜನ ಕುರ್ಚಿ ಸದ್ದು ಮಾಡುತ್ತ ಏಳತೊಡಗಿದರು. ಅವ್ವನೂ ಎದ್ದಳು. ನಾನು ಅವಳ ಭುಜ ಒತ್ತಿ, "ಕುಂದರವ್ವಾ" ಎಂದೆ. ಈ ಸಲ ಕುಳಿತಳು.

ಪರದೆಯ ಮೇಲೆ ಬಿಳಿಯನ ಮುದಿ ತಾಯಿ ಹಗ್ಗ ಸರಿಸಿಕೊಂಡು ರಿಂಗಿನೊಳಗೆ ಬಂದು ತನ್ನ ತೋಳಿನ ಅರಿವೆಯಿಂದ ಮಗನ ರಕ್ತ ಒರೆಸಿದಳು. ಕ್ಯಾಮೆರಾ ಅವರಿಬ್ಬರನ್ನು ಬಿಟ್ಟು ಕದಲಲೇ ಇಲ್ಲ. ಹಿಂದೆಲ್ಲೋ ಇಂಗ್ಲಿಷಿನಲ್ಲಿ ತೀರ್ಪು ಓದುತ್ತಿದ್ದರು. ತಾಯಿಯ ಹೆಗಲಿನ ಆಚೆ, ಪರದೆಯ ಮೂಲೆಯಲ್ಲಿ, ಮಸುಕಾಗಿ, ಒಂದು ಕಪ್ಪು ಕೈ ಮೇಲೆದ್ದಿತು. ಮುಖವೂ ಕಾಣಲಿಲ್ಲ. ನಾನು ಬೆರಳು ಮಾಡಿ ತೋರಿಸಿದೆ. ನಾನು ತೋರಿಸುವಷ್ಟರಲ್ಲಿ ಅದು ಹೋಯಿತು.

ಇಷ್ಟು ವರ್ಷ ನಾನು ಮೈಕಿನವನ ಮೇಲೆ ಹಲ್ಲು ಕಡಿದಿದ್ದೆ. ಅವನು ಕತ್ತರಿಸಿದ್ದು ಇಷ್ಟನ್ನೇ. ಇಷ್ಟೇ ಇಟ್ಟಿದ್ದರು, ಸಿನಿಮಾ ಮಾಡಿದವರೇ. ಗೆದ್ದವನನ್ನು ಮೂಲೆಗೆ ಹಾಕಿ ಸೋತವನಿಗೆ ಇಡೀ ಪರದೆ ಕೊಟ್ಟು, ಅದಕ್ಕೆ ಲೋಕವೆಲ್ಲ ಚಪ್ಪಾಳೆ ತಟ್ಟುವಂತೆ ಮಾಡಿದ್ದರು. ಮೈಕಿನವನು ಅವರ ಕೆಲಸವನ್ನು ಪೂರ್ತಿ ಮಾಡಿದ್ದ, ಅಷ್ಟೇ. ಸಿಟ್ಟಿನಿಂದ ನನಗೆ ಅಳು ಬಂತು.

ದೀಪ ಹತ್ತಿತು. ನಮ್ಮಿಬ್ಬರನ್ನು ಬಿಟ್ಟರೆ ಯಾರೂ ಉಳಿದಿರಲಿಲ್ಲ. "ನೋಡಿದಿಲ್ಲೋ ಅವ್ವಾ" ಎಂದೆ. "ಅವನವ್ವ ಕಡೀತನಾ ಬರಲೇ ಇಲ್ಲ. ಸಿನಿಮಾ ಮಾಡಿದವ್ರಿಗೆ ಆಕಿ ನೆನಪ ಆಗಲಿಲ್ಲ."

ಅವ್ವ ಖಾಲಿ ಪರದೆಯನ್ನು ನೋಡುತ್ತ ಕುಳಿತೇ ಇದ್ದಳು.

"ಬಂದಿದ್ಲು" ಎಂದಳು. "ಗಂಟಿ ಹೊಡೀತಂತ ಎದ್ದ ಹೋಗ್ಯಾಳ."